ಯಾರೂ ಎತ್ತದ ಚಾಪೆ

ಔಕುಸೊಗೆ ಬೇಕಾಗಿದ್ದದ್ದು ಒಂದು ನೀಲಿ ಅಂಗಿ. ಅಷ್ಟೇ.

ಸಾಮೋವಾ ದ್ವೀಪದಲ್ಲಿ, ಆಪಿಯಾದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆಯಲ್ಲಿ, ತೆಂಗಿನ ತೋಪು ಕಡಿದು ಕಟ್ಟಿದ ಕಾರ್ಖಾನೆ ಅದು. ಛಾವಣಿ ಹೊದಿಸುವವರು, ಕಂಬ ಹತ್ತುವವರು, ಎತ್ತರದಲ್ಲಿ ನೇತಾಡಿಕೊಂಡು ಕೆಲಸ ಮಾಡುವವರು ಮೈಗೆ ಬಿಗಿದುಕೊಳ್ಳುವ ಬೆಲ್ಟುಗಳನ್ನು ಅಲ್ಲಿ ಹೊಲಿಯುತ್ತಾರೆ. ಹೊಲಿದದ್ದೆಲ್ಲ ಹಡಗು ಹತ್ತಿ ಆಸ್ಟ್ರೇಲಿಯಾಗೆ ಹೋಗುತ್ತದೆ. ದ್ವೀಪದಲ್ಲಿ ಅಷ್ಟೊಂದು ಜನಕ್ಕೆ ಕೂಲಿ ಕೊಡುವ ಜಾಗ ಇನ್ನೊಂದಿಲ್ಲ. ಅದು ಕೆಲಸಗಾರರಿಗೂ ಗೊತ್ತು, ಕಂಪನಿಗೆ ಅವರಿಗಿಂತ ಚೆನ್ನಾಗಿ ಗೊತ್ತು.

ಹಳದಿ ಅಂಗಿಯವರು ಗಂಟೆ ಲೆಕ್ಕದವರು. ಮರದ ಬಸ್ಸಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ಬರಬೇಕು, ಉಚ್ಚೆಗೆ ಹೋಗಬೇಕಾದರೂ ಕೈ ಎತ್ತಬೇಕು, ಯಂತ್ರ ಕೆಟ್ಟು ನಿಂತರೆ ನಿಂತಷ್ಟು ಹೊತ್ತಿನ ಕೂಲಿ ಹೋಯಿತು. ಯಂತ್ರ ಕೆಡಿಸಿದ್ದು ಅವರಪ್ಪನೇ ಅನ್ನುವ ಹಾಗೆ. ನೀಲಿ ಅಂಗಿಯ ಸೂಪರ್‌ವೈಸರ್‌ಗೆ ತಿಂಗಳ ಸಂಬಳ, ಓಡಾಡಲು ಕಂಪನಿಯ ಪಿಕಪ್ಪು, ಕೂರಲು ಗಾಜಿನ ಕೋಣೆ. ಆ ಕೋಣೆಯ ಒಳಗೆ ತಣ್ಣನೆ ಗಾಳಿ ಬರುತ್ತದೆ. ಅಲ್ಲಿಂದ ನೋಡಿದರೆ ನೂರಾರು ಜನ ಬೆನ್ನು ಬಗ್ಗಿಸಿ ಹೊಲಿಯುವುದು ಕಾಣುತ್ತದೆ, ಸದ್ದು ಮಾತ್ರ ಕೇಳಿಸುವುದಿಲ್ಲ. ಹಳೆಯ ಸೂಪರ್‌ವೈಸರ್ ನ್ಯೂಜಿಲೆಂಡಿಗೆ ಹೊರಟುಹೋದ ಮೇಲೆ ಆ ಕುರ್ಚಿ ಖಾಲಿ ಬಿದ್ದಿತ್ತು. ಔಕುಸೊ ಮೊದಲ ಲೈನಿನ ಲೀಡರ್, ನಾಫತಾಲಿ ಎರಡನೆಯ ಲೈನಿನ ಲೀಡರ್. ಇಬ್ಬರಲ್ಲಿ ಒಬ್ಬನಿಗೆ.

ಯಾರಿಗೆ ಎಷ್ಟು ಸಂಬಳ ಎಂದು ಯಾರೂ ಯಾರಿಗೂ ಹೇಳಬಾರದು ಎಂಬುದು ಕಂಪನಿಯ ಕಟ್ಟಪ್ಪಣೆ. ಭಾನುವಾರ ಚರ್ಚಿನಲ್ಲಿ ಯಾರು ಎಷ್ಟು ಕಾಣಿಕೆ ಹಾಕಿದರು ಎಂದು ಹೆಸರು ಹಿಡಿದು ಗಟ್ಟಿಯಾಗಿ ಓದುವ ಊರಿನಲ್ಲಿ! ಲೀಡರ್ ಆದಮೇಲೆ ಔಕುಸೊನ ಕೂಲಿ ಎಷ್ಟು ಏರಿತು ಎಂಬುದು ಅವನ ಹೆಂಡತಿಗಿಂತ ಮೊದಲು ಹಿಂದಿನ ಬೆಂಚಿನ ಮುದುಕಿಯರಿಗೆ ಗೊತ್ತಾಗಿತ್ತು. ವಾರಕ್ಕೆ ಒಂದೆರಡು ಡಬ್ಬಿ ಮಾಂಸಕ್ಕೆ ಆಗುವಷ್ಟು ಏರಿತ್ತು. ಅಷ್ಟಕ್ಕೇ ಅವನು ಎದೆ ಸೆಟೆಸಿ ನಡೆಯುತ್ತಿದ್ದ.

ಮ್ಯಾನೇಜರ್ ಬ್ರೆಟ್ ಹ್ಯಾಲೋರನ್ ಬ್ರಿಸ್ಬೇನಿನಿಂದ ಬಂದ ಪಾಲಗಿ, ಅಂದರೆ ಬಿಳಿಯ. "ಸಾರ್ ಗೀರ್ ಅನ್ನಬೇಡಿ, ಬ್ರೆಟ್ ಅನ್ನಿ" ಎನ್ನುತ್ತಿದ್ದ. ಸೋಮವಾರ ಬೆಳಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮರದ ಪೆಟ್ಟಿಗೆ ಹತ್ತಿ, "ನಾವೆಲ್ಲ ಒಂದೇ ಆಯಿಗ" ಎಂದು ಶುರುಮಾಡುತ್ತಿದ್ದ. ಆಯಿಗ ಅಂದರೆ ಕುಟುಂಬ. ನಮ್ಮ ಭಾಷೆಯಲ್ಲಿ ಅವನು ಕಲಿತದ್ದು ಅದೊಂದೇ ಮಾತು. ಅದೊಂದೇ ಮಾತಿನಲ್ಲಿ ಅವನು ಶನಿವಾರಗಳನ್ನೂ ಹಬ್ಬಗಳನ್ನೂ ಬಿಟ್ಟಿಯಾಗಿ ದುಡಿಸಿಕೊಂಡ. ಔಕುಸೊ ಪಕ್ಕದಲ್ಲಿ ನಿಂತು ಅವನ ಮಾತನ್ನು ಸಾಮೋವಾ ಭಾಷೆಗೆ ತಿರುಗಿಸಿ ಹೇಳುತ್ತಿದ್ದ. ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದದ್ದು ಅವನಿಗೇ.

ಆ ಮಾತನ್ನು ಇದ್ದದ್ದು ಇದ್ದ ಹಾಗೆ ನಂಬಿದವನು ಒಬ್ಬನೇ ಒಬ್ಬ. ಔಕುಸೊನ ದೊಡ್ಡಪ್ಪ ಲೆವಾಸಾ.

ಲೆವಾಸಾ ಎಂಬುದು ಹೆಸರಲ್ಲ, ಪಟ್ಟ. ಅವನು ಮನೆತನದ ಮತಾಯಿ, ಯಜಮಾನ. ಊರ ಸಭೆಯಲ್ಲಿ ಅವನಿಗೆಂದೇ ಒಂದು ಕಂಬವಿತ್ತು. ಅದಕ್ಕೆ ಒರಗಿ ಅವನು ಮಾತಾಡಿದರೆ ಉಳಿದವರು ಕೇಳಬೇಕು. ಮನೆಯಲ್ಲಿ ಮೊದಲ ಊಟ ಅವನಿಗೆ. ಅವನು ಉಂಡ ಮೇಲೆ ಕೈ ತೊಳೆಯಲು ನೀರು ಹಿಡಿಯಬೇಕಾದವನು ಔಕುಸೊ. ಬಸ್ಸಿನಲ್ಲಿ ಮುಂದಿನ ಸೀಟು ಅವನಿಗೇ. ಆದರೆ ಕಾರ್ಖಾನೆಯ ಗೇಟು ದಾಟಿದ ಕೂಡಲೇ ಪಟ್ಟ ಹೊರಗೆ, ಎದೆಯ ಮೇಲಿನ ಬಿಲ್ಲೆಯಲ್ಲಿ ದೀಕ್ಷಾಸ್ನಾನದ ಹೆಸರು: ಫೆರೆತಿ. ಮೊದಲ ಲೈನಿನ ಕೊನೆಯಲ್ಲಿ ಎಳೆಯುವ ಯಂತ್ರದ ಮುಂದೆ ನಿಲ್ಲುವ ಹಳದಿ ಅಂಗಿ. ಪ್ರತಿ ಪೆಟ್ಟಿಗೆಯಿಂದ ಒಂದು ಬೆಲ್ಟು ತೆಗೆದು, ಯಂತ್ರದ ಕೊಕ್ಕೆಗೆ ಸಿಕ್ಕಿಸಿ, ಹೊಲಿಗೆ ತಡೆಯುತ್ತದೋ ಬಿಚ್ಚುತ್ತದೋ ಎಂದು ಎಳೆದು ನೋಡುವುದು, ತಡೆದರೆ ಪೆಟ್ಟಿಗೆಯ ಮೇಲೆ ಠಸ್ಸೆ ಒತ್ತುವುದು ಅವನ ಕೆಲಸ. ಅಲ್ಲಿ ಅವನಿಗೆ ಅಪ್ಪಣೆ ಕೊಡುವವನು ತಮ್ಮನ ಮಗ.

ಒಂದು ದಿನ ಮಧ್ಯಾಹ್ನ ಆ ಯಂತ್ರ ಎಣ್ಣೆ ಕಾರಿಕೊಂಡು ಕೂತುಬಿಟ್ಟಿತು. ಬಂದರಿನಲ್ಲಿ ಹಡಗು ಕಾಯುತ್ತಿತ್ತು. ಆ ಸರಕು ಹತ್ತಿದರೆ ಲೈನಿಗೆ ಬೋನಸ್ಸು, ಲೀಡರ್‌ಗೆ ಬ್ರೆಟ್‌ನ ಕಣ್ಣಲ್ಲಿ ಬೆಲೆ. ರಿಪೇರಿಯವನು ಬರುವುದು ಮಾರನೆಯ ದಿನ.

"ಎಳೆಯೋದು ಬೇಡ. ಠಸ್ಸೆ ಒತ್ತಿ ಕಳಿಸಿ" ಎಂದ ಔಕುಸೊ.

ಲೆವಾಸಾ ಎಣ್ಣೆಯ ಕೈ ಒರೆಸಿಕೊಳ್ಳುತ್ತ ಅವನ ಮುಖ ನೋಡಿದ. "ಎಳೀದೇ ಒತ್ತೋದಾ? ಇದನ್ನ ಕಟ್ಕೊಂಡು ಮೇಲೆ ಹತ್ತೋನು ಯಾರ ಮಗನೋ ಏನೋ."

"ದಿನಾ ಎಳೀತೀರಲ್ಲ, ಯಾವತ್ತಾದ್ರೂ ಬಿಚ್ಚಿದೆಯಾ?"

"ಬಿಚ್ಚಿದೆ. ಮಳೆಗಾಲದಲ್ಲಿ ದಾರ ಬದಲಾಯಿಸಿದಾಗ ಬಿಚ್ಚಿತ್ತು. ಈ ವಾರಾನೂ ದಾರ ಬೇರೆ ಬಂದಿದೆ."

ಅಕ್ಕಪಕ್ಕದ ಹೆಂಗಸರು ಹೊಲಿಯುವುದನ್ನು ನಿಲ್ಲಿಸಿ ನೋಡತೊಡಗಿದ್ದರು. ಆ ನೋಟಗಳು ಔಕುಸೊನ ಕುತ್ತಿಗೆಗೆ ಚುಚ್ಚಿದವು. ಮನೆಯಲ್ಲಿ ಬಾಯಿಗೆ ಬಾರದ ಹೆಸರನ್ನು ಅವನು ಇಲ್ಲಿ ಕೂಗಿದ.

"ಫೆರೆತಿ, ಇಲ್ಲಿ ಲೀಡರ್ ಯಾರು?"

ಹುಡುಗ ಹುಟ್ಟಿದಂದಿನಿಂದ ಮುದುಕ ತಾನೇ ಕಲಿಸಿಕೊಟ್ಟ ಪಾಠ ಅದು: ಮೇಲಿರುವವನು ಹೇಳಿದರೆ ಕೆಳಗಿರುವವನು ಮಾಡಬೇಕು. "ನೀನೇಪ್ಪ" ಎಂದ. ಠಸ್ಸೆ ಕೈಗೆತ್ತಿಕೊಂಡ. ಸಂಜೆಯೊಳಗೆ ಪೆಟ್ಟಿಗೆಗಳೆಲ್ಲ ಹಡಗು ಹತ್ತಿದವು.

ಬ್ರಿಸ್ಬೇನಿನಲ್ಲಿ ಒಬ್ಬ ಛಾವಣಿಯಿಂದ ಬಿದ್ದ. ಅಂದು ಕಳಿಸಿದ ಬೆಲ್ಟಿನ ಹೊಲಿಗೆ, ಹಗ್ಗ ಸಿಕ್ಕಿಸುವ ಉಕ್ಕಿನ ಬಳೆಯ ಹತ್ತಿರ, ಬಿಚ್ಚಿಕೊಂಡಿತ್ತು. ಸಾಯಲಿಲ್ಲ, ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದ. ಇಪ್ಪತ್ತೆರಡರ ಹುಡುಗನಂತೆ.

ಬ್ರೆಟ್ ಮರದ ಪೆಟ್ಟಿಗೆ ಹತ್ತಿದ. ಅವನ ಮುಖ ಬೆಂದ ಏಡಿಯ ಹಾಗೆ ಕೆಂಪಗಾಗಿತ್ತು, ದನಿ ಮಾತ್ರ ಬೆಣ್ಣೆ. "ಯಾರನ್ನೂ ದೂರೋಕೆ ನಾನಿಲ್ಲಿ ನಿಂತಿಲ್ಲ. ಏನಾಯ್ತು ಅಂತ ತಿಳ್ಕೋಬೇಕು, ಅಷ್ಟೇ. ಆಯಿಗದಲ್ಲಿ ಮುಚ್ಚುಮರೆ ಇಲ್ಲ. ಯಾರು ಮುಂದೆ ಬಂದು ಹೇಳ್ತಾರೋ ಅವರಿಗೆ ನಮ್ಮಿಂದ ಏನೂ ತೊಂದರೆ ಆಗಲ್ಲ."

ಔಕುಸೊ ಅದನ್ನು ಒಂದಕ್ಷರ ಬಿಡದೆ ತಿರುಗಿಸಿ ಹೇಳಿದ. ಬ್ರೆಟ್‌ಗೆ ಬೇಕಾಗಿರುವುದು ಬ್ರಿಸ್ಬೇನಿಗೆ ಕಳಿಸಲು ಒಂದು ಹೆಸರು ಎಂಬುದು ಅವನಿಗೆ ಗೊತ್ತಿತ್ತು. ಹಿಂದಿನ ದಿನ ಗಾಜಿನ ಕೋಣೆಯಲ್ಲಿ ಅವನೇ ಹೇಳಿದ್ದ: "ಒಂದು ಹೆಸರು ಸಿಕ್ಕರೆ ಸಾಕು ಔಕಿ, ಈ ಫೈಲು ಮುಚ್ಚತ್ತೆ. ಆಮೇಲೆ ನಿನ್ನ ವಿಷಯ ಮಾತಾಡೋಣ."

ಊಟದ ಹೊತ್ತಿನಲ್ಲಿ ನಾಫತಾಲಿ ತಾರೋ ಗೆಡ್ಡೆ ಅಗಿಯುತ್ತ ಪಕ್ಕಕ್ಕೆ ಬಂದು ಕೂತ. "ಏನಣ್ಣ, ಅಂಗಿ ಅಳತೆ ಕೊಟ್ಟಾಯ್ತಾ? ನಂಗೆ ಹೊಟ್ಟೆ ದಪ್ಪ, ದೊಡ್ಡ ಸೈಜು ಹೇಳಿದೀನಿ ನಾನು."

"ಹೊಟ್ಟೆ ನೋಡಿ ಕೊಡೋದಾದ್ರೆ ನಿನಗೇ ಸಿಗುತ್ತೆ ಬಿಡು."

"ಹೊಟ್ಟೆ ನೋಡಿ ಅಲ್ಲಪ್ಪ. ನಮ್ಮ ಲೈನಿನ ಬೆಲ್ಟು ಕಟ್ಕೊಂಡು ಇನ್ನೂ ಯಾರೂ ಬಿದ್ದಿಲ್ಲ, ಅದನ್ನ ನೋಡಿ." ನಾಫತಾಲಿ ನಕ್ಕು, ಸಿಪ್ಪೆಯನ್ನು ಔಕುಸೊನ ತಟ್ಟೆಗೆ ಹಾಕಿ ಎದ್ದುಹೋದ.

ಅಂದು ಸಂಜೆ ಊರಿನಲ್ಲಿ ಶಂಖ ಊದಿ, ಪ್ರಾರ್ಥನೆ ಮುಗಿದ ಮೇಲೆ, ಲೆವಾಸಾ ಎದ್ದು ಒಳಗಿನ ಪೆಟ್ಟಿಗೆಯಿಂದ ಚಾಪೆ ತೆಗೆಸಿದ. ಅದು ಹಾಸುವ ಚಾಪೆಯಲ್ಲ. ಅವನ ಅಜ್ಜಿ ವರ್ಷಗಟ್ಟಲೆ ಕೂತು ಹೆಣೆದದ್ದು, ರೇಷ್ಮೆಯಷ್ಟು ಮೆತ್ತಗೆ, ಅಂಚಿಗೆ ಕೆಂಪು ಗರಿ. ಮದುವೆ, ಸಾವು, ಪಟ್ಟ ಕಟ್ಟುವ ದಿನ, ಇಷ್ಟಕ್ಕೇ ಹೊರಗೆ ಬರುತ್ತಿತ್ತು. ಔಕುಸೊನ ಹೆಂಡತಿ ತಿಲೋಮಾಯಿ ಅದನ್ನು ಮಡಿಲಲ್ಲಿ ಬಿಚ್ಚಿ ಗರಿ ಸರಿಮಾಡುತ್ತ ಕೂತಳು. ಅವಳೂ ಅದೇ ಲೈನಿನಲ್ಲಿ ಹೊಲಿಯುವವಳು. ಯಂತ್ರದ ಮುಂದೆ ಆಡಿದ ಮಾತೆಲ್ಲ ಅವಳ ಕಿವಿಗೂ ಬಿದ್ದಿತ್ತು.

"ಇದ್ಯಾಕೆ?" ಎಂದ ಔಕುಸೊ.

"ನಾಳೆ ಬೆಳಕು ಹರಿಯೋಕೆ ಮುಂಚೆ ಬ್ರೆಟ್ ಮನೆ ಮುಂದೆ ಕೂರ್ತೀನಿ" ಎಂದ ಲೆವಾಸಾ. "ಇಫೋಗಾ."

ಒಂದು ಮನೆತನದವನು ಇನ್ನೊಂದು ಮನೆತನದವನ ಮೈಮೇಲೆ ಕೈಮಾಡಿದರೆ, ಕೊಂದರೆ, ಯಜಮಾನ ಹೋಗಿ ಅವರ ಅಂಗಳದಲ್ಲಿ ಚಾಪೆ ಹೊದ್ದು ತಲೆ ತಗ್ಗಿಸಿ ಕೂರುವುದು. ಅವರು ಬಂದು ಚಾಪೆ ಎತ್ತಿದರೆ ಅಲ್ಲಿಗೆ ಮುಗಿಯಿತು. ಎತ್ತದಿದ್ದರೆ ಕಲ್ಲು ಹೊಡೆಯಲಿ, ಕಡಿಯಲಿ, ಕೂತವನು ಕೂತೇ ಇರಬೇಕು.

"ನಿಮಗೇನು ತಲೆ ಕೆಟ್ಟಿದೆಯಾ ದೊಡ್ಡಪ್ಪ? ಅವನು ಪಾಲಗಿ! ಅವನಿಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ?"

"ಆಯಿಗ ಅಂತ ಅವನೇ ತಾನೇ ಹೇಳೋದು? ನೀನೇ ತಾನೇ ನಮಗೆಲ್ಲ ತಿಳಿಸಿ ಹೇಳಿದ್ದು? ಒಬ್ಬ ಹುಡುಗನ ಬೆನ್ನು ಮುರಿದಿದೆ ಕಣೋ. ನಮ್ಮ ಕೈಯಿಂದ ಆಗಿದ್ದು. ಸುಮ್ನೆ ಉಂಡು ಮಲಗಕ್ಕಾಗುತ್ತಾ?"

"ಠಸ್ಸೆ ಒತ್ತು ಅಂದೋನು ನಾನು."

"ಗೊತ್ತು." ಮುದುಕ ಮೆಲ್ಲಗೆ ಹೇಳಿದ. "ಅದಕ್ಕೇ ನೀನು ಬರಬೇಡ. ಹುಡುಗರ ಬದಲು ನಾನು ಕೂರ್ತೀನಿ. ಈ ಹೆಸರು ನನ್ನ ತಲೆ ಮೇಲೆ ಇಟ್ಟಿರೋದು ಅದಕ್ಕೇ, ಮೊದಲ ತುತ್ತು ತಿನ್ನೋಕಲ್ಲ. ಅವನು ಕೇಳಿದ್ರೆ ನೀನು ಬಿಡಿಸಿ ಹೇಳು. ಚಾಪೆ ಎತ್ತುತಾನೆ. ಎತ್ತಿದ ಮೇಲೆ ನಿಂಗೂ ಏನೂ ಭಯ ಇರಲ್ಲ."

ತಿಲೋಮಾಯಿ ತಲೆ ಎತ್ತದೆ ಹೇಳಿದಳು: "ನಾನು ದೊಡ್ಡಮಾವನ ಹಿಂದೆ ಕೂರ್ತೀನಿ. ಮನೆತನದವರು ಒಬ್ಬರಾದ್ರೂ ಬೇಕಲ್ಲ."

ಔಕುಸೊನ ತಲೆಯಲ್ಲಿ ಆಗಲೇ ಇನ್ನೊಂದು ಲೆಕ್ಕ ಓಡಲು ಶುರುವಾಗಿತ್ತು.

ಬೆಳಗ್ಗೆ ಫೋನು ಬಂತು. "ಔಕಿ, ನನ್ನ ಗೇಟೊಳಗೆ ಯಾರೋ ರಗ್ಗು ಹೊದ್ದು ಕೂತಿದಾರೆ. ಪಕ್ಕದಲ್ಲಿ ಸೌದೆ ಬೇರೆ. ಮನೆಗೆ ಬೆಂಕಿ ಇಡ್ತಾರಾ ಏನು? ಪಿಕಪ್ಪು ಕಳಿಸ್ತೀನಿ, ಬೇಗ ಬಾ."

ಅವನು ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಸೀಟು ಎಷ್ಟು ಮೆತ್ತಗಿದೆ ಎಂದುಕೊಂಡ. ದೊಡ್ಡಪ್ಪ ಅಂಗಳದಲ್ಲಿ ಮಂಡಿ ಮಡಿಸಿ ಕೂತಿರುವಾಗ ಈ ನಾಯಿಗೆ ಸೀಟು ಮೆತ್ತಗಿರುವುದರ ಯೋಚನೆ.

ಗುಡ್ಡದ ಮೇಲಿನ ಬಂಗಲೆಯ ಅಂಗಳದಲ್ಲಿ, ಜಲ್ಲಿಕಲ್ಲಿನ ಮೇಲೆ, ಲೆವಾಸಾ ಪೂರ್ತಿ ಚಾಪೆಯ ಒಳಗಿದ್ದ. ಬೆನ್ನಿನ ಗೂನು ಮಾತ್ರ ಕಾಣುತ್ತಿತ್ತು. ಹಿಂದೆ ತಿಲೋಮಾಯಿ ಕೂದಲು ಬಿಚ್ಚಿಕೊಂಡು ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲಿ ಒಂದು ಹೊರೆ ಸೌದೆ, ಒಲೆಗೆ ಕಾಯಿಸುವ ಗುಂಡುಕಲ್ಲು, ಬಾಳೆ ಎಲೆ. ಬ್ರೆಟ್ ಚಡ್ಡಿಯಲ್ಲಿ, ಕಾಫಿಯ ಲೋಟ ಹಿಡಿದು, ಮೆಟ್ಟಿಲ ಮೇಲೆ ನಿಂತಿದ್ದ. ಅವನ ನಾಯಿ ಸೌದೆಯನ್ನು ಮೂಸುತ್ತಿತ್ತು.

"ಅದು ಫೆರೆತಿ, ಬ್ರೆಟ್. ಕ್ಷಮೆ ಕೇಳೋ ಪದ್ಧತಿ ಇದು."

"ಸರಿ, ಸೌದೆ ಯಾಕೆ?"

"'ಬೇಕಾದ್ರೆ ನಮ್ಮನ್ನ ಬೇಯಿಸ್ಕೊಂಡು ತಿನ್ನಿ' ಅಂತ."

ಬ್ರೆಟ್ ಕಾಫಿ ಉಗುಳುವಷ್ಟು ನಕ್ಕ. "ಬೆಳಗ್ಗೆ ಹೊತ್ತು ನಾನು ಮಾಂಸ ತಿನ್ನಲ್ಲಪ್ಪ!"

ಔಕುಸೊನೂ ನಕ್ಕ. ಬೇಕಾದ್ದಕ್ಕಿಂತ ಜೋರಾಗಿಯೇ ನಕ್ಕ. ಚಾಪೆಯ ಒಳಗಿನ ಗೂನು ಒಂದು ಸಲ ಏರಿ ಇಳಿಯಿತು. ನಾಯಿ ಕಾಲೆತ್ತಿ ಸೌದೆಯ ಮೇಲೆ ಉಚ್ಚೆ ಹೊಯ್ದು ಹೋಯಿತು. ತಿಲೋಮಾಯಿ ತಲೆ ಎತ್ತಿದಳು. ನಾಯಿಯನ್ನು ನೋಡಲಿಲ್ಲ, ಗಂಡನನ್ನು ನೋಡಿದಳು.

"ಅಂದ್ರೆ ಆ ಬೆಲ್ಟುಗಳ ವಿಷಯ" ಎಂದ ಬ್ರೆಟ್, ಈಗ ನಗು ನಿಲ್ಲಿಸಿ. "ಇವನೇ ಮಾಡಿದ್ದಾ?"

ಒಂದೇ ಒಂದು ಮಾತು ಸಾಕಿತ್ತು. ಚಾಪೆಯೊಳಗೆ ಕೂರುವವನು ತಪ್ಪು ಮಾಡಿದವನೇ ಆಗಬೇಕಿಲ್ಲ, ಯಜಮಾನನಾದರೆ ಸಾಕು. ನಮ್ಮಲ್ಲಿ ಹಾಲು ಹಲ್ಲಿನ ಮಗುವಿಗೂ ಗೊತ್ತಿರುವ ಮಾತು ಅದು. ಔಕುಸೊ ಜಲ್ಲಿಕಲ್ಲು ನೋಡುತ್ತ ಹೇಳಿದ:

"ತಪ್ಪು ಮಾಡದೇ ಇರೋರು ಯಾರೂ ಹೀಗೆ ಬಂದು ಕೂರಲ್ಲ, ಬ್ರೆಟ್."

"ಓಹ್." ಬ್ರೆಟ್‌ನ ಭುಜ ಸಡಿಲವಾಯಿತು. ಹೆಸರು ಸಿಕ್ಕಿತ್ತು. "ಪಾಪ. ಈಗ ನಾನೇನು ಮಾಡಬೇಕು? ಏಳಿಸ್ಲಾ?" ಲೋಟ ಕೆಳಗಿಟ್ಟು ಒಂದು ಮೆಟ್ಟಿಲು ಇಳಿದೂಬಿಟ್ಟ. ಕೈ ಮುಂದಕ್ಕೆ ಬಂದಿತ್ತು.

ಎತ್ತಿದರೆ ಎಲ್ಲ ಮುಗಿಯುತ್ತಿತ್ತು. ಎತ್ತಿದರೆ ಮುದುಕ ಮುಖ ತೋರಿಸುತ್ತಿದ್ದ, ಮಾತಾಡುತ್ತಿದ್ದ, ಹಿಂದಿರುವ ಇವಳೂ ಮಾತಾಡುತ್ತಿದ್ದಳು.

"ಮುಟ್ಟಬೇಡಿ!" ಎಂದ ಔಕುಸೊ. "ಚಾಪೆ ಮುಟ್ಟಿದ್ರೆ ಕ್ಷಮಿಸಿಬಿಟ್ಟ ಹಾಗೆ. ಇವತ್ತು ಕ್ಷಮಿಸಿ ನಾಳೆ ಕೆಲಸದಿಂದ ತೆಗೆದ್ರೆ ಊರೇ ತಿರುಗಿಬೀಳತ್ತೆ. ಬ್ರಿಸ್ಬೇನ್‌ನವರು ಕೇಳಿದ್ರೆ ಏನಂತೀರಿ?"

ಬ್ರೆಟ್‌ನ ಕೈ ಹಿಂದಕ್ಕೆ ಹೋಯಿತು. "ಸರಿಯಾಗಿ ಹೇಳಿದೆ. ನೀನಿಲ್ದೇ ಇದ್ದಿದ್ರೆ ಎಡವಟ್ಟಾಗ್ತಿತ್ತು."

ಅವನು ಸ್ನಾನ ಮಾಡಿ, ಬಟ್ಟೆ ಹಾಕಿಕೊಂಡು, ಕಾರು ಹತ್ತಿ, ಮುದುಕನನ್ನು ಸುತ್ತುಬಳಸಿ ಗೇಟು ದಾಟಿದ. ಚಕ್ರಕ್ಕೆ ಸಿಕ್ಕ ಒಂದು ಕಲ್ಲು ಸಿಡಿದು ಚಾಪೆಗೆ ಬಡಿಯಿತು. ಔಕುಸೊ ಹಿಂದಿನ ಪಿಕಪ್ಪಿನಲ್ಲಿದ್ದ. ತಿಲೋಮಾಯಿ ಕೂಗಿದ್ದು ಕೇಳಿಸಿತು: "ಏನು ಹೇಳ್ದೆ ಅವನಿಗೆ? ಔಕುಸೊ! ಏನು ಹೇಳ್ದೆ?"

ಬಿಸಿಲು ಏರಿತು. ಗುಡ್ಡದ ದಾರಿಯಲ್ಲಿ ಹೋಗಿಬರುವವರು ನೋಡಿದರು, ಬಸ್ಸಿನ ಕಿಟಕಿಯಿಂದ ನೋಡಿದರು, ಪಕ್ಕದ ಬಂಗಲೆಯವರು ಬೇಲಿಯ ಮೇಲಿಂದ ಫೋಟೋ ತೆಗೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಮುದುಕ ಕೂತಲ್ಲೇ ಒಂದು ಪಕ್ಕಕ್ಕೆ ವಾಲಿದ. ತಿಲೋಮಾಯಿ ತಡೆಯಲಾರದೆ ಎದ್ದು, ಕ್ಷಮೆ ಕೇಳಿ ಕೂತವರ ಕಡೆಯ ಯಾರೂ ಮಾಡಬಾರದ್ದನ್ನು ಮಾಡಿದಳು. ಚಾಪೆ ಎತ್ತಿ ನೀರು ಕುಡಿಸಿದಳು. ಚಾಪೆ ಅಲ್ಲೇ ಉಳಿಯಿತು. ಒಮ್ಮೆ ಒಬ್ಬರ ಅಂಗಳಕ್ಕೆ ತಂದದ್ದನ್ನು ಹಿಂದಕ್ಕೆ ಒಯ್ಯುವ ಹಾಗಿಲ್ಲ.

ಸೋಮವಾರ ಬ್ರೆಟ್ ಪೆಟ್ಟಿಗೆ ಹತ್ತಿ ಹೇಳಿದ: "ಫೆರೆತಿ ಧೈರ್ಯವಾಗಿ ಮುಂದೆ ಬಂದು ಒಪ್ಪಿಕೊಂಡ. ಅವನನ್ನ ಕೆಲಸದಿಂದ ಬಿಡಿಸೋದು ನನಗೇ ಸಂಕಟ. ಆದ್ರೆ ಅವನ ಪ್ರಾಮಾಣಿಕತೆಗೆ ಎಲ್ಲರೂ ಒಂದು ಚಪ್ಪಾಳೆ ಹೊಡೀರಿ." ಔಕುಸೊ ತಿರುಗಿಸಿ ಹೇಳಿದ. ಹಳದಿ ಅಂಗಿಯವರು ಚಪ್ಪಾಳೆ ಹೊಡೆದರು. ಹೊಡೆಯದಿದ್ದವರ ಕಡೆ ಬ್ರೆಟ್ ನಗುತ್ತ ನೋಡಿದ, ಅವರೂ ಹೊಡೆದರು. ಅದೇ ಸಭೆಯಲ್ಲಿ ಔಕುಸೊಗೆ ನೀಲಿ ಅಂಗಿ ಕೊಟ್ಟರು. ಅದಕ್ಕೂ ಚಪ್ಪಾಳೆ.

ಲೆವಾಸಾ ಊರ ಸಭೆಗೆ ಹೋಗುವುದನ್ನು ಬಿಟ್ಟ. ಚಾಪೆ ಹೊದ್ದು ಕೂತು, ಆ ಮನೆಯವರು ಯಾರೂ ಎತ್ತದೆ, ತಾನೇ ಎದ್ದು ಬಂದ ಯಜಮಾನ ಯಾವ ಮುಖ ಹೊತ್ತು ಕಂಬಕ್ಕೆ ಒರಗಬೇಕು? ಮನೆಯ ಹಿಂದೆ ಅಡುಗೆಯ ಚಪ್ಪರದಲ್ಲಿ ಕೂರುತ್ತಿದ್ದ. ಊಟ ಮೊದಲು ತನಗೆ ಬೇಡವೆಂದ. ಔಕುಸೊ ನೀರಿನ ಬಟ್ಟಲು ಹಿಡಿದು ಹೋದರೆ ಕೈ ಚಾಚದೆ, ಬೇರೆ ಯಾರಾದರೂ ತರಲಿ ಎಂದು ಕಾಯುತ್ತಿದ್ದ. ಬೈಯಲಿಲ್ಲ. ಬೈದಿದ್ದರೆ ಔಕುಸೊಗೆ ಎಷ್ಟೋ ಹಗುರವಾಗುತ್ತಿತ್ತು.

"ಒಂದು ಮಾತು ಹೇಳ್ತೀನಿ ಕೇಳು ಸೂಪರ್‌ವೈಸರ್" ಎಂದಿದ್ದಳು ತಿಲೋಮಾಯಿ. "ನಿನ್ನ ನೀಲಿ ಅಂಗಿ ನಾನು ಒಗೆಯಲ್ಲ. ನೀನೇ ಒಗ್ಕೋ. ಬಣ್ಣ ಹೋಗ್ದೇ ಇರೋ ಹಾಗೆ ಜೋಪಾನ."

ಮುಂದೆ ಆದದ್ದು ಔಕುಸೊನೂ ಎಣಿಸಿರಲಿಲ್ಲ. ಬ್ರೆಟ್‌ಗೆ ಆ ಪದ್ಧತಿ ಬಹಳ ಹಿಡಿಸಿಬಿಟ್ಟಿತು. ಬ್ರಿಸ್ಬೇನಿಗೆ ಬರೆದ. ಅವರಿಗೂ ಹಿಡಿಸಿತು. ಸ್ಥಳೀಯ ಸಂಸ್ಕೃತಿಗೆ ಕಂಪನಿಯ ಗೌರವ ಎಂದರಂತೆ. ಒಂದು ಬೆಳಗ್ಗೆ ಅದೇ ಚಾಪೆ, ಕೆಂಪು ಗರಿಯ ಚಾಪೆ, ಕಾರ್ಖಾನೆಯ ನಟ್ಟನಡುವೆ, ಎರಡು ಲೈನುಗಳು ಸೇರುವ ದಾರಿಯಲ್ಲಿ ಬಂದು ಬಿತ್ತು. ಎಳೆಯುವ ಯಂತ್ರದಲ್ಲಿ ಯಾರ ಹೊಲಿಗೆ ಬಿಚ್ಚುತ್ತದೋ ಅವರು ಪಾಳಿ ಮುಗಿಯುವ ಹೊತ್ತಿಗೆ ಅದನ್ನು ಹೊದ್ದು ಕೂರಬೇಕು. ಎರಡನೆಯ ಪಾಳಿಯವರು ಒಳಗೆ ಬರುತ್ತ ನೋಡಬೇಕು. ಸೈರನ್ ಆದಾಗ ಏಳಬಹುದು. ಸಂಬಳ ಹಿಡಿಯುವುದಿಲ್ಲ, ಬೈಗುಳವಿಲ್ಲ. "ಎಷ್ಟು ಚಂದದ ಪದ್ಧತಿ ನಿಮ್ಮದು" ಎಂದ ಬ್ರೆಟ್. "ಹೊದಿಸೋ ಕೆಲಸ ಸೂಪರ್‌ವೈಸರ್‌ದು."

ಹೀಗೆ ಔಕುಸೊ ತನ್ನ ಮುತ್ತಜ್ಜಿ ಹೆಣೆದ ಚಾಪೆಯನ್ನು ತನ್ನ ಕೈಯಾರೆ ಜನರ ತಲೆಗೆ ಹಾಕತೊಡಗಿದ. ಮೊದಲ ದಿನ ಕೂತ ಹೆಂಗಸು ಅಳುತ್ತ ಕೂತಳು. ಎರಡನೆಯವನು ಊರ ಪಾದ್ರಿಯ ಮಗ. ಎದ್ದವನೇ ಕೆಲಸ ಬಿಟ್ಟು ಹೋದ. ಆಮೇಲಾಮೇಲೆ ಜನ ಒಗ್ಗಿಕೊಂಡರು. ಹೊಲಿಗೆ ನಿಧಾನವಾಯಿತು, ಕಣ್ಣು ಚಾಪೆಯ ಕಡೆಗೇ ಹೋಯಿತು, ಬಿಚ್ಚುವುದು ಹೆಚ್ಚಾಯಿತು, ಕೂರುವವರೂ ಹೆಚ್ಚಾದರು. ನಾಫತಾಲಿ ಮಾತ್ರ ಪ್ರತಿ ಸಲ, "ಅಣ್ಣ, ಗರಿ ಉದುರ್ತಾ ಇದೆ, ಮೆಲ್ಲಗೆ ಹೊದಿಸು. ನಿಮ್ಮನೇದೇ ಅಲ್ವಾ?" ಎನ್ನುತ್ತಿದ್ದ.

ತಿಲೋಮಾಯಿಯ ಹೊಲಿಗೆ ಯಾವತ್ತೂ ಬಿಚ್ಚಿದ್ದಿಲ್ಲ. ಆ ಲೈನಿನಲ್ಲಿ ಹೊಸಬರಿಗೆ ಕೈ ತಿದ್ದುತ್ತಿದ್ದವಳು ಅವಳು. ಆ ದಿನ ಅವಳ ಬೆಲ್ಟನ್ನು ಕೊಕ್ಕೆಗೆ ಸಿಕ್ಕಿಸಿ ಎಳೆದರೆ, ಬೆಂದ ಬಾಳೆ ಎಲೆಯಂತೆ ಒಂದೇ ಸೆಳೆತಕ್ಕೆ ಎರಡಾಯಿತು. ಬಳೆಯ ಹತ್ತಿರ ಅವಳು ದಾರವನ್ನೇ ಹಾಕಿರಲಿಲ್ಲ. ಔಕುಸೊ ಅವಳ ಮುಖ ನೋಡಿದ. ಅವಳು ಆಗಲೇ ಎದ್ದು, ಕೂದಲು ಬಿಚ್ಚಿಕೊಂಡು, ದಾರಿಯ ನಡುವೆ ಮಂಡಿ ಮಡಿಸಿ ಕೂತಿದ್ದಳು. ಹೊದಿಸುವ ಕಷ್ಟವನ್ನೂ ಅವನಿಗೆ ಕೊಡಲಿಲ್ಲ. ಚಾಪೆಯನ್ನು ತಾನೇ ಎಳೆದುಕೊಂಡಳು.

ಸೈರನ್ ಆಯಿತು. ಅವಳು ಏಳಲಿಲ್ಲ.

ಬಾಗಿಲಲ್ಲಿ ಎರಡನೆಯ ಪಾಳಿಯವರು ನಿಂತರು. ಮೊದಲ ಪಾಳಿಯವರು ಹೊರಗೆ ಹೋಗದೆ ನಿಂತರು. ಯಂತ್ರಗಳು ನಿಂತಿದ್ದವು. ಅಷ್ಟು ದೊಡ್ಡ ಕಟ್ಟಡದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಏಳು" ಎಂದ ಔಕುಸೊ, ಬಗ್ಗಿ, ಮೆಲ್ಲನೆ.

"ಸೈರನ್ ಚಾಪೆ ಎತ್ತಲ್ಲ" ಎಂದಳು ಅವಳು ಒಳಗಿಂದ. ಮೆಲ್ಲನೆ ಅಲ್ಲ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಕೂತೋರ ಮುಂದೆ ನಿಂತು ಸತ್ಯ ಹೇಳಿದ್ರೆ ಚಾಪೆ ಏಳುತ್ತೆ. ಯಂತ್ರ ಕೆಟ್ಟ ದಿನ 'ಎಳೆಯೋದು ಬೇಡ, ಒತ್ತಿ ಕಳಿಸಿ' ಅಂದೋರು ಯಾರು? ಹೇಳು. ಆ ಪಾಲಗಿ ಭಾಷೆಯಲ್ಲಿ ಹೇಳು. ಹೇಳಿದ ಕ್ಷಣ ನಾನು ಏಳ್ತೀನಿ, ದೊಡ್ಡಮಾವ ತನ್ನ ಕಂಬಕ್ಕೆ ಹೋಗ್ತಾನೆ."

ಕೇಳಿಸದವರು ಕೇಳಿಸಿದವರನ್ನು ಕೇಳಿ ತಿಳಿದುಕೊಂಡರು. ಮಾತು ಸಾಲಿನಿಂದ ಸಾಲಿಗೆ ಹರಿದು ಬಾಗಿಲಿನವರೆಗೆ ಹೋಯಿತು. ನಾಫತಾಲಿ ಈಗ ನಗುತ್ತಿರಲಿಲ್ಲ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಗಾಜಿನ ಕೋಣೆಯಿಂದ ಬ್ರೆಟ್ ಬಂದ. ಗಡಿಯಾರ ತೋರಿಸಿದ. "ಏನು ಔಕಿ? ಲೈನು ಯಾಕೆ ನಿಂತಿದೆ? ಅವಳು ಏನಂತಾಳೆ?"

ನೂರಾರು ಮುಖಗಳು ಔಕುಸೊನ ಬಾಯಿಯನ್ನೇ ನೋಡುತ್ತಿದ್ದವು. ಅವನು ನೀಲಿ ಕಾಲರನ್ನು ಒಂದು ಸಲ ಮುಟ್ಟಿಕೊಂಡ.

"ಕಾಲು ಜೋಮು ಹಿಡಿದಿದೆಯಂತೆ, ಬ್ರೆಟ್. ಏಳಕ್ಕಾಗ್ತಿಲ್ಲವಂತೆ."

"ಹಾಗಿದ್ರೆ ಪಕ್ಕಕ್ಕೆ ಸರಿಸು. ದಾರಿ ಬಿಡು."

ಔಕುಸೊ ಚಾಪೆಯ ಅಂಚು ಹಿಡಿದ. ಮುತ್ತಜ್ಜಿಯ ಬೆರಳು ಆಡಿದ ಅಂಚು. ಎಳೆದ. ಅವಳು ಕೂತ ಭಂಗಿಯಲ್ಲೇ ಪಕ್ಕಕ್ಕೆ ಉರುಳಿದಳು. ಚಾಪೆ ಅವಳ ಮೈಗೆ ಸುತ್ತಿಕೊಂಡಿತು. ಅವನು ಬೆನ್ನು ಬಗ್ಗಿಸಿ, ಹಿಂದಕ್ಕೆ ಹೆಜ್ಜೆ ಇಡುತ್ತ, ಸಿಮೆಂಟಿನ ನೆಲದ ಮೇಲೆ ಅವಳನ್ನು ಗೋಡೆಯವರೆಗೂ ಎಳೆದುಕೊಂಡು ಹೋದ. ಎಲ್ಲೋ ನಡುವೆ ಚಾಪೆ ಪರ್ರೆಂದು ಹರಿಯಿತು. ದಾರಿಯುದ್ದಕ್ಕೂ ಕೆಂಪು ಗರಿ ಉದುರಿದವು.

"ಸೆಕೆಂಡ್ ಶಿಫ್ಟ್!" ಎಂದು ಕೂಗಿದ.

ಅವರು ಬಂದರು. ಗರಿ ತುಳಿಯದಂತೆ ಕಾಲು ಎತ್ತಿಟ್ಟು ಬಂದರು. ಆದರೆ ಬಂದರು. ಸಂಬಳ ಬೇಕಲ್ಲ. ಒಂದೊಂದೇ ಯಂತ್ರ ಶುರುವಾಯಿತು.

ಬ್ರೆಟ್ ಅವನ ಭುಜ ತಟ್ಟಿದ. "ಒಳ್ಳೆ ಕೆಲಸ. ನಾಳೆಯಿಂದ ಚಾಪೆ ಗೋಡೆ ಪಕ್ಕಾನೇ ಹಾಕ್ಸು, ದಾರಿಗೆ ಅಡ್ಡ ಬರಲ್ಲ. ಹರಿದಿರೋ ಕಡೆ ಲೈನಿನಲ್ಲೇ ಹೊಲಿಸು, ಗಟ್ಟಿ ದಾರ ಇದೆ."

"ಆಗಲಿ, ಬ್ರೆಟ್."

ಔಕುಸೊ ಗಾಜಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ತಣ್ಣನೆ ಗಾಳಿ ಬೀಸುತ್ತಿತ್ತು. ಕೈಯಲ್ಲಿ ಒಂದು ಗರಿ ಅಂಟಿಕೊಂಡಿತ್ತು. ಪ್ಯಾಂಟಿಗೆ ಒರೆಸಿದ, ಹೋಗಲಿಲ್ಲ. ಎದುರುಗೋಡೆಯ ಬುಡದಲ್ಲಿ ಹರಿದ ಚಾಪೆಯೊಳಗೆ ಅವಳು ಎದ್ದು ಮತ್ತೆ ಮಂಡಿ ಮಡಿಸಿ ಕೂತಿದ್ದಳು. ಹರಿದ ಕಡೆಯಿಂದ ಅವಳ ಬಾಯಿ ಕಾಣುತ್ತಿತ್ತು. ಅದು ಆಡುತ್ತಲೇ ಇತ್ತು. ಹೊಲಿಯುವವರು ಒಬ್ಬೊಬ್ಬರಾಗಿ ಅತ್ತ ತಿರುಗಿ ಕೇಳುತ್ತಿದ್ದರು, ಆಮೇಲೆ ಒಬ್ಬೊಬ್ಬರಾಗಿ ಗಾಜಿನ ಕಡೆಗೆ ತಿರುಗಿ ಅವನನ್ನು ನೋಡುತ್ತಿದ್ದರು.

ಒಳಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ.